ಅಮ್ಮ ಒಲ್ಲೆನೆಂದ ಕ್ಯಾಬಿನ್

ಹಾಲಾಡಿಯಿಂದ ಅಮ್ಮನನ್ನು ಮೊದಲ ಸಲ ಮುಂಬೈಗೆ ಕರೆದುಕೊಂಡು ಹೊರಟಿದ್ದೆ. ಪಣಜಿಯವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಸ್ಟೀಮರು ಹತ್ತಬೇಕು. ಜೊತೆಗೆ ಹೆಂಡತಿ, ಮಕ್ಕಳು. ಮುಂಬೈ ಹೋಟೆಲಿನಲ್ಲಿ ದುಡಿಯುವ ಮಗ ಹೆತ್ತ ತಾಯಿಯನ್ನು ಡೆಕ್ಕಿನ ಮೇಲೆ ಚಾಪೆ ಹಾಸಿ ಕೂರಿಸುವುದೇ? ಹಟ ಹಿಡಿದು ಕ್ಯಾಬಿನ್ನಿನ ಟಿಕೇಟನ್ನೇ ಮಾಡಿಸಿದ್ದೆ.

ಸ್ಟೀಮರು ಹತ್ತಿದ ಮೇಲೆ ಅಮ್ಮ ಕ್ಯಾಬಿನ್ನಿನ ಬಾಗಿಲಲ್ಲೇ ನಿಂತು ಒಳಗೆ ಇಣುಕಿದಳು. "ಇದೆಂತ ಮಗಾ? ನಾ ಬಂದದ್ದ್ ಸಮುದ್ರ ಕಾಂಬುಕೆ, ನಾಲ್ಕ್ ಗ್ವಾಡಿ ಕಾಂಬುಕಲ್ಲ," ಎಂದವಳೇ ಡೆಕ್ಕಿಗೆ ನಡೆದಳು.

ಅವಳ ಮಾತು ಕೇಳಿದ ಗಂಗೊಳ್ಳಿಯ ಹೆಂಗಸೊಬ್ಬಳು, "ಹ್ವಾಯ್, ನಮ್ಮ್ ಬದಿಯವ್ರಾ? ಇಲ್ಲ್ ಬನ್ನಿ, ಜಾಗ ಇತ್ತ್," ಎಂದು ಚಾಪೆ ಸರಿಸಿದಳು. ಪಕ್ಕದಲ್ಲಿ ಅವಳ ಬಾಣಂತಿ ಮಗಳು. ಎಳೆಗೂಸು ಗಾಳಿಗೆ ಬೆಚ್ಚಿ ಅಳುತ್ತಿತ್ತು. ಅಮ್ಮ ನನ್ನತ್ತ ಕೈಚಾಚಿದಳು. "ಆ ಬೀಗದ್ಕೈ ಕೊಡ್. ಬಾಣಂತಿ ಒಳ್ಗ್ ಮನಿಕಣ್ಲಿ."

ಸಪ್ಪೆ ಮುಖದಲ್ಲೇ ಬೀಗದಕೈ ಕೊಟ್ಟೆ. ಆದರೆ ಹಡಗು ಹೊರಟು ಸಮುದ್ರದ ನೀರು ಮೈಮೇಲೆ ಸಿಡಿದಾಗ ಅಮ್ಮ ಮೊಮ್ಮಕ್ಕಳಿಗಿಂತ ಜೋರಾಗಿ ಕೂಗಿ ನಕ್ಕಳು. ಅಮ್ಮ ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಒದ್ದೆ ಅಂಗಿ ಬದಲಿಸಲು ಹೋಗಿ ಕ್ಯಾಬಿನ್ನಿನ ಬಾಗಿಲು ತಟ್ಟಿದೆ. ಬಾಣಂತಿ ಸಂದಿಯಿಂದಲೇ ಪಿಸುಗುಟ್ಟಿದಳು: "ಮಗು ಈಗಷ್ಟೇ ಮನಿಕಂಡಿತ್, ಸ್ವಲ್ಪ ತಡ್ದ್ ಬನ್ನಿ."

ಕ್ಯಾಬಿನ್ ಯಾರದ್ದೆಂದು ಪಾಪ, ಅವಳಿಗೆ ಮರೆತೇಹೋಗಿತ್ತೇನೋ.