ಕೆಟ್ಟಿರದ ಸೀಲು

ಗೋಪನಕೊಪ್ಪದ ಗ್ಯಾರೇಜಿನ ಮಿಸ್ತ್ರಿಯ ಕೈ ಕೊನೆಕೊನೆಗೆ ಕೆಟ್ಟಿತ್ತು ಎಂದು ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಸಾಕ್ಷಿ ಕೇಳಿದರೆ ನಮ್ಮದೇ ಹಳೆಯ ಬಿಳಿ ಕಾರಿನ ಕತೆ ಬರುತ್ತದೆ. ಎಣ್ಣೆ ಸೋರುತ್ತಿದ್ದದ್ದು ಒಂದು ಕಡೆ, ಅವರು ಬಿಚ್ಚಿದ್ದು ಇನ್ನೊಂದು ಕಡೆ. ಕತೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಲ್ಲಿ ಒಬ್ಬರನ್ನು ಬಿಟ್ಟಿದ್ದಾರೆ. ಆ ಒಬ್ಬರು ನಾನು.

ಕಳೆದ ವಾರ ಸಪ್ತಾಪುರದ ಬಾಡಿಗೆ ಕೋಣೆ ಖಾಲಿ ಮಾಡುವಾಗ ಪುಸ್ತಕದ ಪೆಟ್ಟಿಗೆಯ ತಳದಲ್ಲಿ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಅಂಗೈ ಅಗಲದ ರಬ್ಬರ್ ಉಂಗುರ. ಇಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಬಂದು ಸೇರುವಲ್ಲಿ, ಎಣ್ಣೆ ಹೊರಬಾರದಂತೆ ತಡೆಯುವ ಸೀಲು. ಸುತ್ತಿದ್ದ ಪೇಪರಿನಿಂದ ಸುಟ್ಟ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ...

ಬಿಚ್ಚಿ ತೆಗೆದ ಹಳೆಯ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಗಾಡಿಯ ಮಾಲೀಕರಿಗೆ ಒಪ್ಪಿಸುವುದು ಮಿಸ್ತ್ರಿಯ ಪದ್ಧತಿ. ಏನು ಕೆಟ್ಟಿತ್ತೆಂದು ಅವರೇ ನೋಡಿಕೊಳ್ಳಲಿ ಎಂದು. ಈ ಪೊಟ್ಟಣವನ್ನು ಮಾತ್ರ ಅವರು ಅಪ್ಪನಿಗೆ ಕೊಡಲಿಲ್ಲ, ನನಗೆ ಕೊಟ್ಟರು.

ಆಗ ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಮನೆಯ ಶೋಕೇಸಿನಲ್ಲಿ ಜಾಗವಿಲ್ಲದೆ ಟೀವಿಯ ಪಕ್ಕಕ್ಕೆ ಬಂದಿದ್ದವು. ಅಪ್ಪನದು ಕಾಳಿನ ವ್ಯಾಪಾರ. ಅಕ್ಕನಿಗೆ ನೋಡಿದ್ದ ಹುಡುಗನ ಮನೆತನ ನೋಡಿಬರಲು ಗದಗಿಗೆ ಹೋಗುವುದಿತ್ತು. ಮೂರೇ ದಿನ ಉಳಿದಿದ್ದಾಗ ಕಾರಿನ ಇಂಜಿನ್ನಿನ ಹಿಂಭಾಗದಿಂದ ಎಣ್ಣೆ ತೊಟ್ಟಿಕ್ಕತೊಡಗಿತು.

ಅಪ್ಪ, ನಾನು ಗಾಡಿಯನ್ನು ಗ್ಯಾರೇಜಿಗೆ ಒಯ್ದೆವು. ಮಿಸ್ತ್ರಿ ಕಾರಿನ ಕೆಳಗಿಂದ ಎದ್ದುಬಂದು ಕೈ ಒರೆಸಿಕೊಂಡರು. "ಸಾವ್ಕಾರ್ರ, ಎಣ್ಣಿ ಮ್ಯಾಲಿಂದನೂ ಇಳದಿರಬಹುದು, ಒಂದ ದಿನಾ ಗಾಡಿ ಬಿಡ್ರಿ. ಹಿಂದಿಂದೆಲ್ಲಾ ತೊಳದು ಪೌಡರ್ ಹೊಡಿತೇನಿ. ಒಂದ ರೌಂಡ್ ಹೋಗಿಬಂದ್ರ ಎಣ್ಣಿ ಎಲ್ಲಿಂದ ಇಳಿಯಾಕತ್ತೈತಿ ಅಂತ ಗೆರಿ ಮೂಡತೈತಿ."

"ಇಂಜಿನ್ನಿಗೆ ಮೇಕಪ್ ಮಾಡ್ತೀರೇನ್ರಿ ಚಾಚಾ?" ಎಂದೆ. ಅಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ನಕ್ಕರು. ನನಗೆ ಅಷ್ಟು ಸಾಕಾಯಿತು. ಬೆಳಿಗ್ಗೆಯೇ ಮೊಬೈಲಿನಲ್ಲಿ ಓದಿಕೊಂಡು ಹೋಗಿದ್ದೆ.

"ಎಣ್ಣಿ ಬೀಳಾಕತ್ತಿದ್ದು ಹಿಂದ. ಹಿಂದ ಇರೋದು ಸೀಲು. ಮ್ಯಾಲಿಂದ ಬರಾಕತ್ತೈತಿ ಅನ್ನಾಕ ನಿಮ್ಮ ಹತ್ರ ಪುರಾವೆ ಏನೈತಿ?"

"ಅದನ್ನ ನೋಡಾಕನ ಒಂದ ದಿನಾ ಕೇಳಾಕತ್ತೇನವಾ."

"ಅಂದ್ರ ನಿಮಗ ಇನ್ನೂ ಗೊತ್ತಿಲ್ಲ."

"ಇಲ್ಲ," ಎಂದರು ಮಿಸ್ತ್ರಿ. "ಇನ್ನೂ ಗೊತ್ತಿಲ್ಲ."

ಸ್ಪರ್ಧೆಯಲ್ಲಿ ಎದುರಾಳಿ ಹೀಗೆಂದರೆ ಅಲ್ಲಿಗೆ ಮುಗಿಯಿತು. ಅಪ್ಪನ ಮುಖದಲ್ಲಿ ಹೆಮ್ಮೆ. "ನಮ್ಮ ಹುಡುಗಿ ಹೇಳೋದು ಖರೇ ಐತ್ರಿ. ಟೈಮಿಲ್ಲ, ಸೀಲ ಬದಲಿ ಮಾಡಿಬಿಡ್ರಿ."

"ಇಕಿನ ವಕೀಲಕಿ, ಇಕಿನ ಜಡ್ಜು," ಎಂದು ನಕ್ಕು ಮಿಸ್ತ್ರಿ ಬೋಲ್ಟ್ ಬಿಚ್ಚುವ ಪಾನಾ ಎತ್ತಿಕೊಂಡರು.

ಆ ಸೀಲು ಮುಟ್ಟಬೇಕೆಂದರೆ ಗೇರ್‌ಬಾಕ್ಸನ್ನು ಇಡಿಯಾಗಿ ಕೆಳಗಿಳಿಸಬೇಕು. ಅರವತ್ತು ದಾಟಿದ್ದ ಅವರು ಎರಡು ದಿನ ಕಾರಿನ ಕೆಳಗೆ ಮಲಗಿ ಇಳಿಸಿದರು, ಏರಿಸಿದರು. ಆಮೇಲೆ ಪೊಟ್ಟಣ ನನ್ನ ಕೈಗಿಟ್ಟು, "ಮಡಚಿ ನೋಡವಾ" ಎಂದರು.

ಮಡಚಿದೆ. ಮೆತ್ತಗಿತ್ತು. ಎಲ್ಲೂ ಬಿರುಕಿಲ್ಲ, ಅಂಚು ಸವೆದಿಲ್ಲ. ಕೆಟ್ಟಿರಲೇ ಇಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮತ್ತೆ ಪೇಪರ್ ಸುತ್ತಿದೆ.

"ಏನಾಗಿತ್ತ ಅದಕ್ಕ?" ಅಪ್ಪ ಕೇಳಿದರು.

"ಹಳೇದಾಗಿತ್ರಿ," ಎಂದೆ. ಸುಳ್ಳಲ್ಲ. ಇಂಥ ಉತ್ತರ ಕೊಡುವುದನ್ನು ನಾನು ಚೆನ್ನಾಗಿ ಕಲಿತಿದ್ದೆ.

ಮಿಸ್ತ್ರಿ ಇಂಜಿನ್ನಿಗೆ ಎಣ್ಣೆ ತುಂಬಿ, "ಗದಗಿಂದ ಬಂದ ಮ್ಯಾಲೆ ಒಮ್ಮೆ ತೋರಸ್ರಿ" ಎಂದಷ್ಟೇ ಅಪ್ಪನಿಗೆ ಹೇಳಿದರು.

ಗದಗಿನಲ್ಲಿ ಹುಡುಗನ ಮನೆಯ ಅಂಗಳಕ್ಕೆ ಹೊಸದಾಗಿ ಕಲ್ಲು ಹಾಸಿದ್ದರು. ಉಪ್ಪಿಟ್ಟು, ಚಹಾ ಮುಗಿಸಿ ಹೊರಗೆ ಬಂದರೆ ಕಾರಿನ ಕೆಳಗೆ ಕಲ್ಲಿನ ಮೇಲೆ ತಟ್ಟೆಯಗಲ ಎಣ್ಣೆ. ಬೀಗರಾಗಬೇಕಾದವರು ಅದನ್ನು ನೋಡಿದರು, ಅಪ್ಪನನ್ನು ನೋಡಿದರು. ಅಪ್ಪ ಗಂಟಲು ಸರಿಮಾಡಿಕೊಂಡು, "ನಮ್ಮ ಮಿಸ್ತ್ರಿಗೆ ವಯಸ್ಸಾತ್ರಿ, ಕೈ ಕೆಟ್ಟೈತಿ" ಎಂದರು. ಆ ಮಾತು ಹುಟ್ಟಿದ್ದು ಅಲ್ಲಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಮರುದಿನ ಮಿಸ್ತ್ರಿಯೇ ಪೌಡರ್ ಡಬ್ಬಿ ಹಿಡಿದು ಮನೆಗೆ ಬಂದರು. ಸೀಮೆಎಣ್ಣೆಯಲ್ಲಿ ಇಂಜಿನ್ನಿನ ಹಿಂಭಾಗ ತೊಳೆದರು, ಒಣಗಿಸಿದರು, ಮಗುವಿಗೆ ಹಚ್ಚುವ ಹಾಗೆ ಪೌಡರ್ ಹಚ್ಚಿದರು. ಮೂವರೂ ಕಾರಿನಲ್ಲಿ ರಾಯಾಪುರದವರೆಗೆ ಹೋಗಿಬಂದೆವು. ಬಾನೆಟ್ ಎತ್ತಿ ಟಾರ್ಚ್ ಹಿಡಿದರೆ ಬಿಳಿಯ ಮೇಲೆ ಒಂದೇ ಒಂದು ಕಂದು ಗೆರೆ. ಇಂಜಿನ್ನಿನ ತಲೆಯ ಮುಚ್ಚಳದ ಹಿಂದಿನ ಮೂಲೆಯಿಂದ ಹೊರಟು, ಬೆನ್ನುಗುಂಟ ಇಳಿದು, ನಾನು ವಾದಿಸಿದ್ದ ಜಾಗಕ್ಕೇ ಬಂದು ನಿಂತಿತ್ತು. ಮುಚ್ಚಳದ ಕೆಳಗಿನ ರಬ್ಬರ್ ಪ್ಯಾಕಿಂಗ್ ಒಣಗಿ ಹಪ್ಪಳದಂತಾಗಿತ್ತು. ಒಂದು ತಾಸಿನ ಕೆಲಸ.

"ಅಂದ್ರ ಮೊದಲ ಮಾಡಿದ್ದು ತಪ್ಪಿತ್ತಲ್ರಿ ಮಿಸ್ತ್ರಿ?" ಅಪ್ಪ ಕೇಳಿದರು.

"ಹೂಂನ್ರಿ, ತಪ್ಪಿತ್ತು."

ಯಾರ ತಪ್ಪೆಂದು ಅವರು ಹೇಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ನಾನು ಬಾಯಿ ತೆರೆಯಬಹುದಾಗಿತ್ತು... ತೆರೆಯಲಿಲ್ಲ.

ಆಮೇಲೆ ಅವರ ಗ್ಯಾರೇಜಿಗೆ ದೊಡ್ಡ ಕೆಲಸಗಳು ಬರುವುದು ಕಡಿಮೆಯಾಯಿತು. ಅಪ್ಪನ ಮಾತೇ ಅದಕ್ಕೆ ಕಾರಣವೆಂದು ನಾನು ವಾದಿಸಲಾರೆ. ಹೊಸ ಗ್ಯಾರೇಜುಗಳು ಬಂದಿದ್ದವು, ಅವರಿಗೆ ವಯಸ್ಸೂ ಆಗಿತ್ತು. ಆದರೆ ಆ ಮಾತು ಓಣಿಗೆ ಹಬ್ಬಿದ ಮೇಲೆ ಅಲ್ಲಿ ಗೇರ್‌ಬಾಕ್ಸ್ ಇಳಿಸಿದ್ದನ್ನು ನಾನು ಕಂಡಿಲ್ಲ. ಪ್ಲಗ್ಗು ಒರೆಸುವುದು, ಎಣ್ಣೆ ಬದಲಿಸುವುದು, ಅಷ್ಟೇ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದ ಅಪ್ಪ ಮನೆಗೆ ಬಂದು, "ಛಲೋ ಮನಷ್ಯಾ, ಕಡೀಕ ಕೈ ಒಂದ ಕೆಟ್ಟಿತ್ತು" ಎಂದರು.

ಮೊನ್ನೆ ರವಿವಾರ ಊಟಕ್ಕೆ ಬಂದವರ ಮುಂದೆ ಅದೇ ಕತೆ ಮತ್ತೆ ಬಂತು. ಅವರು ಹೋದ ಮೇಲೆ ನಾನು ಸೀಲನ್ನು ಅಪ್ಪನ ಕೈಗಿಟ್ಟೆ.

"ಮಡಚಿ ನೋಡ್ರಿ."

ಅಪ್ಪ ಮಡಚಿದರು, ಬಿಟ್ಟರು. ಅದು ಮತ್ತೆ ದುಂಡಗಾಯಿತು. "ಕೆಟ್ಟಿಲ್ಲಲ್ಲ ಇದು."

"ಅವತ್ತೂ ಕೆಟ್ಟಿರಲಿಲ್ಲ. ನನಗ ಅವತ್ತ ಗೊತ್ತಾಗಿತ್ತು, ಹೇಳಲಿಲ್ಲ. ಪೌಡರ್ ಬ್ಯಾಡ ಅಂದಾಕಿ ನಾ, ಹೂಂ ಅಂದವರು ನೀವು. ಗದಗಿನ್ಯಾಗ ಆ ಅಂಗಳದಾಗ ನಿಂತು ಮಿಸ್ತ್ರಿ ಕೈ ಕೆಟ್ಟೈತಿ ಅನ್ನುಮುಂದ, ಅಪ್ಪಾ, ನಾವಿಬ್ಬರು ನಿಮಗ ನೆನಪಾಗಲಿಲ್ಲೇನ್ರಿ?"