ಅಯ್ಯನಕೆರೆಯ ಬಂಡೆಯಾಚೆಯ ನಗು

ಬಿಸಿಲಿಗೆ ಹರವಿದ ಹಳೇ ಟಾರ್ಪಾಲಿನ ವಾಸನೆ ಎಲ್ಲಿಂದ ಬಂದರೂ ನನಗೆ ಅಜ್ಜಂಪುರದ ನಮ್ಮ ಮನೆಯ ಹಿತ್ತಲು ನೆನಪಾಗುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಈಗ ಆ ಮನೆಯೂ ಇಲ್ಲ, ಹಿತ್ತಲೂ ಇಲ್ಲ. ರಜೆ ಬಂತೆಂದರೆ ಅಪ್ಪನ ತಂಗಿ ಸರೋಜತ್ತೆ ಅಲ್ಲಿ ಕೂತು ಟಾರ್ಪಾಲು ಕೊಡವಿ, ಹಗ್ಗ ಸುತ್ತಿ, ಸೀಮೆಎಣ್ಣೆ ಸ್ಟೌವಿಗೆ ಪಿನ್ನು ಹಾಕುತ್ತಿದ್ದರು. ಗಂಡನ ಮನೆ ಬಿಟ್ಟು ಬಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಂಗಸು ಬೆನ್ನಿಗೆ ಗಂಟು ಹೊತ್ತು ಲಕ್ಕವಳ್ಳಿಯ ಹೊಳೆದಂಡೆ, ಕಲ್ಲತ್ತಿಯ ಗುಡ್ಡ ಎಂದು ಅಲೆಯುವುದನ್ನು ಊರು ಒಪ್ಪಿರಲಿಲ್ಲ. ಅವರ ತಾಯಿ, ನಮ್ಮಜ್ಜಿ, ಊರಿಗಿಂತ ಮೊದಲೇ ಒಪ್ಪಿರಲಿಲ್ಲ. ಜೊತೆಗೆ ನಾನಿದ್ದರೆ ಮಾತ್ರ ಅಪ್ಪಣೆ. ವಾಪಸು ಬಂದಾಗ ಬುತ್ತಿಯಲ್ಲಿ ರೊಟ್ಟಿ ಮಿಕ್ಕಿದ್ದರೂ ಅಜ್ಜಿಗೆ ಅನುಮಾನ, ಮುಗಿದಿದ್ದರೂ ಅನುಮಾನ.

"ಬರೀ ಬೆಟ್ಟ ನೋಡಕ್ಕೆ ಯಾರಾದ್ರೂ ಹೋಯ್ತಾರೇನೇ? ಬೇರೆ ಏನೋ ಐತೆ. ನೀನು ಕಣ್ಣಿಟ್ಟಿರು ಕಣೇ" ಎಂದು ಅಜ್ಜಿ ನನ್ನ ಕೈಗೆ ಕೊಬ್ಬರಿ ಬೆಲ್ಲ ಇಡುತ್ತಿದ್ದರು. ಒಂಬತ್ತು ವರ್ಷದ ನನಗೆ ಆ ಕೆಲಸ ಹಿಡಿಸಿಬಿಟ್ಟಿತ್ತು. ಅತ್ತೆ ಕುರಿ ಕಾಯುವವನ ಹತ್ತಿರ ದಾರಿ ಕೇಳಿದರೂ ಗುರುತಿಟ್ಟುಕೊಳ್ಳುತ್ತಿದ್ದೆ. ಆ ಸಲ ಸಖರಾಯಪಟ್ಟಣದಲ್ಲಿ ಬಸ್ಸಿಳಿದು ಅಯ್ಯನಕೆರೆಯವರೆಗೆ ನಡೆದು, ಬೆಟ್ಟದ ಬುಡದಲ್ಲಿ ಆ ಟಾರ್ಪಾಲಿನದೇ ಡೇರೆ ಹಾಕಿದ್ದೆವು. ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಅತ್ತೆ ಇಲ್ಲ. ನೀರಿನಂಚಿನ ದೊಡ್ಡ ಬಂಡೆಯ ಆಚೆಯಿಂದ ಅವರ ನಗು ಕೇಳಿಸಿತು. ಮನೆಯಲ್ಲಿ ನಾನೆಂದೂ ಕೇಳದಿದ್ದ, ತಡೆಯಲಾರದೆ ಬಂದ ನಗು. ನಾಲ್ಕು ಹೆಜ್ಜೆ ಹಾಕಿದ್ದರೆ ಎಲ್ಲ ಕಾಣುತ್ತಿತ್ತು. ಹೆದರಿಕೆಯಾಗಿ ನಾನು ಹೋಗಲಿಲ್ಲ.

ಊರಿಗೆ ಬಂದವಳೇ ಅಜ್ಜಿಗೆ ಹೇಳಿದೆ. "ಯಾರ್ ಜೊತೆ ನಗ್ತಿದ್ಲು?" ಎಂದು ಕೇಳಿದರು. ನೋಡಲಿಲ್ಲ ಅನ್ನಬೇಕಿತ್ತು, ತಲೆ ತಗ್ಗಿಸಿದೆ. ಅಜ್ಜಿಗೆ ಅಷ್ಟು ಸಾಕಾಯಿತು. ವಾರದೊಳಗೆ ಟಾರ್ಪಾಲು ಹುಲ್ಲಿನ ಮೆದೆಗೆ ಹೊದಿಕೆಯಾಯಿತು, ಅತ್ತೆಯ ತಿರುಗಾಟ ನಿಂತೇಹೋಯಿತು. ತವರಿನ ಸೂರಿನಡಿ ಇದ್ದವರು ವಾದಿಸಿ ಎಲ್ಲಿಗೆ ಹೋಗಬೇಕಿತ್ತು? ಆ ತಪ್ಪು ನನ್ನದೇ, ಇಂದಿಗೂ ನುಂಗಲಾಗಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷವಾದ ಮೇಲೆ ಧೈರ್ಯ ಮಾಡಿ ಅತ್ತೆಯನ್ನೇ ಕೇಳಿದೆ. "ಯಾರೂ ಇರ್ಲಿಲ್ಲ ಕಣೇ. ನೀರಿಗೆ ಕಾಲು ಬಿಟ್ಕೊಂಡು ಕೂತಿದ್ದೆ, ಸಣ್ಣ ಮೀನು ಬಂದು ಕಚಗುಳಿ ಇಟ್ವು" ಎಂದರು. ಮಾತಿನಲ್ಲಿ ಕೋಪವಿರಲಿಲ್ಲ. ನಾನು ಮಾತ್ರ ಆಗಲೂ ಅವರ ಮುಖವನ್ನೇ ದಿಟ್ಟಿಸುತ್ತಿದ್ದೆ, ಸುಳ್ಳಿರಬಹುದೇ ಎಂದು. ಅದು ಅತ್ತೆಗೆ ಗೊತ್ತಾಯಿತು. ಎದ್ದು ಒಳಗೆ ಹೋದರು.

ಅತ್ತೆ ತೀರಿಕೊಂಡ ಮೇಲೆ ಹೋದ ವರ್ಷ ಅಯ್ಯನಕೆರೆಗೆ ಒಬ್ಬಳೇ ಹೋಗಿದ್ದೆ. ಅದೇ ಬಂಡೆಯ ಆಚೆ ಕೂತು ನೀರಿಗೆ ಕಾಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಮೀನುಗಳು ಬಂದವು. ತಡೆಯಲಾರದೆ ನಕ್ಕುಬಿಟ್ಟೆ. ನಕ್ಕವಳೇ ಹಿಂದೆ ತಿರುಗಿ ನೋಡಿದೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು.