ಮರ ಅಳೆಯದೆ ಗರಗಸ ಹುಡುಕಿದ್ದು

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ವೆಸ್ಟ್ ವಿಂಡ್ಸರಿನ ಕನ್ನಡಿಗರ ಪೈಕಿ ಚೈನ್‌ಸಾ ಎಂಬ ಇಂಜಿನ್ ಗರಗಸದ ಬಗ್ಗೆ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲವೆಂದು ಈಗಲೂ ಧೈರ್ಯವಾಗಿ ಹೇಳಬಲ್ಲೆ. ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಉಳಿದವರೆಲ್ಲ ಶೇರು, ಗ್ರೀನ್ ಕಾರ್ಡು, ಒಳ್ಳೆಯ ಶಾಲೆಗಳ ಮಾತಾಡುತ್ತಿದ್ದಾಗ ನಾನು ಸರಪಳಿಯ ಹಲ್ಲುಗಳು ಎಷ್ಟು ಡಿಗ್ರಿ ಓರೆಯಾಗಿರಬೇಕು ಎಂದು ಓದುತ್ತಿದ್ದೆ. ಅದುವರೆಗೆ ನಾನು ಹಿಡಿದ ಅತಿ ಹರಿತವಾದ ಆಯುಧ ತರಕಾರಿ ಹೆಚ್ಚುವ ಚಾಕು. ಅದನ್ನೂ ಹೆಂಡತಿ ಶೈಲಜಾ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು, ಹುರುಳಿಕಾಯಿ ಒಂದೊಂದು ಒಂದೊಂದು ಅಳತೆಗೆ ಬೀಳುತ್ತದೆಂದು.

ಕಾರಣವಿತ್ತು. ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ, ಮನೆಯಿಂದ ಮೂರು ಗಂಟೆಯ ದಾರಿಯಲ್ಲಿ, ನಾವೊಂದು ಕ್ಯಾಬಿನ್ ಕೊಂಡಿದ್ದೆವು. ಕ್ಯಾಬಿನ್ ಅಂದರೆ ಒಂದು ಕೋಣೆ, ಒಂದು ಒಲೆ, ಹೊರಗೊಂದು ಕೈಪಂಪು. ಕರೆಂಟಿಲ್ಲ, ಮೈಲಿಯ ಫಾಸಲೆಯಲ್ಲಿ ನೆರೆಯವರಿಲ್ಲ. ಆ ನವೆಂಬರಿನ ಗಾಳಿಗೆ ಅದರ ಪಕ್ಕದ ದೊಡ್ಡ ಓಕ್ ಮರ ಉರುಳಿತ್ತು. ಅಲ್ಲಿಗೆ ಹೋಗುವ ದಾರಿಯ ತೊರೆಗಿದ್ದ ಮರದ ಸೇತುವೆ ನಮ್ಮ ಕಾರಿಗೇ ನರಳುತ್ತಿತ್ತು. ದಿಮ್ಮಿ ಸಾಗಿಸುವ ಲಾರಿಯ ಮಾತು ದೂರವೇ ಉಳಿಯಿತು. ಹಾಗಾಗಿ ಬಿದ್ದಲ್ಲೇ ಅದನ್ನು ಹಲಗೆ ಕೊಯ್ಯುತ್ತೇನೆ, ಊಟದ ಮೇಜು ಮಾಡುತ್ತೇನೆ ಎಂದು ಘೋಷಿಸಿಬಿಟ್ಟೆ.

ಈ ಹುಮ್ಮಸ್ಸಿನ ಮೂಲ ಆಫೀಸಿನಲ್ಲಿತ್ತು. ಎರಡು ಸಾವಿರನೆಯ ಇಸವಿ ಬಂದಾಗ ಕಂಪ್ಯೂಟರುಗಳು ಕಂಗೆಡದಿರಲೆಂದು ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿ ಬರುವ ಕಡೆಯೆಲ್ಲ ಎರಡೆರಡು ಅಂಕಿ ಸೇರಿಸುವುದು ಆಗ ನನ್ನ ಕೆಲಸ. ಕೆಲಸ ಸರಿಯಾಗಿ ಆದರೆ ಏನೂ ಆಗಬಾರದು. ಅದೇ ಅದರ ಯಶಸ್ಸು. ದಿನವೂ ಹತ್ತು ಗಂಟೆ ದುಡಿದು ಏನೂ ಆಗದಂತೆ ನೋಡಿಕೊಳ್ಳುವ ಮನುಷ್ಯನಿಗೆ, ಕೈಯಲ್ಲಿ ಮುಟ್ಟಿ ನೋಡುವಂಥದ್ದು ಏನಾದರೊಂದು ಮಾಡಬೇಕೆನಿಸುವುದು ಸಹಜ.

ನನ್ನ ಕಸುಬಿಗೆ ತಕ್ಕಂತೆ ಮೊದಲು ಸ್ಪ್ರೆಡ್‌ಶೀಟ್ ತೆರೆದೆ. ಹತ್ತೊಂಬತ್ತು ಚೈನ್‌ಸಾಗಳು: ಸಿಸಿ, ತೂಕ, ಸರಪಳಿ ಸುತ್ತುವ ಪಟ್ಟಿಯ ಉದ್ದ, ಸದ್ದು. ಮೈಸೂರಿನಲ್ಲಿ ಅಪ್ಪ, ಅಮ್ಮ, ನಾನು ಮೂವರನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದ ನಮ್ಮ ಮೊಪೆಡ್ಡಿಗಿದ್ದದ್ದು ಐವತ್ತು ಸಿಸಿ. ನಾನು ಕಣ್ಣಿಟ್ಟಿದ್ದ ಗರಗಸಕ್ಕೆ ನೂರಿಪ್ಪತ್ತು. ಎರಡು ಸಂಸಾರ ಬೆಟ್ಟ ಹತ್ತಿಸಿ ಮೇಲೆ ಉಳಿಯುವಷ್ಟು ಶಕ್ತಿ ನನ್ನ ಎರಡು ಕೈಗಳ ನಡುವೆ! ಆ ಕಲ್ಪನೆಗೇ ನನ್ನ ಎದೆ ಎರಡಿಂಚು ಅಗಲವಾಯಿತು.

ಮಾರ್ಚಿನ ಒಂದು ಶನಿವಾರ ಪಟ್ಟಿಯನ್ನು ಪ್ರಿಂಟ್ ಮಾಡಿಕೊಂಡು, ಕ್ಯಾಬಿನ್ನಿಗೆ ಹತ್ತಿರದ ಪೇಟೆಯ ಗರಗಸದ ಅಂಗಡಿಗೆ ಹೋದೆವು. ಅಂಗಡಿಯಾಕೆಗೆ ಎಪ್ಪತ್ತರ ಮೇಲೆ ವಯಸ್ಸು, ಎತ್ತರ ನನ್ನ ಭುಜದಷ್ಟು. ನನ್ನ ಉಪನ್ಯಾಸವನ್ನು ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಕೇಳಿದಳು.

“ಮರ ಎಷ್ಟು ದಪ್ಪ ಇದೆ?”

ನಾನು ಎರಡೂ ಕೈ ಚಾಚಿ ತೋರಿಸಿದೆ. ನಂತರ ಸ್ವಲ್ಪ ಕಿರಿದು ಮಾಡಿದೆ. ಮತ್ತೆ ಸ್ವಲ್ಪ ಅಗಲಿಸಿದೆ.

ಪಕ್ಕದಲ್ಲಿದ್ದ ಶೈಲಜಾ ಧಾರವಾಡದವಳು. ಅವಳ ಬಾಯಲ್ಲಿ ಮರವೆಲ್ಲ ಗಿಡವೇ. “ನಾಕು ತಿಂಗಳಾತು, ಗಿಡಾನ ಅಳದಿಲ್ಲೇನ್ರಿ ನೀವು?” ಅಂದಳು.

ಅಳೆದಿರಲಿಲ್ಲ. ಹತ್ತೊಂಬತ್ತು ಗರಗಸಗಳ ತೂಕ ಔನ್ಸ್ ಲೆಕ್ಕದಲ್ಲಿ ಬಾಯಿಪಾಠವಿದ್ದವನಿಗೆ ಮರವೊಂದು ಆ ಪಟ್ಟಿಯಲ್ಲಿ ಇರಬೇಕೆಂದೇ ಹೊಳೆದಿರಲಿಲ್ಲ. ಅಂಗಡಿಯಾಕೆ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನನ್ನ ಕನಸಿನ ನೂರಿಪ್ಪತ್ತು ಸಿಸಿಯನ್ನು ಅಂಗಳಕ್ಕೆ ತಂದಿಟ್ಟು, “ಹಗ್ಗ ಎಳೆದು ಶುರು ಮಾಡು ನೋಡೋಣ” ಅಂದಳು. ನಾನು ಎಳೆದೆ. ಗರಗಸ ಒಮ್ಮೆ ಕೆಮ್ಮಿತು. ಮೂರನೆಯ ಸಲಕ್ಕೆ ಕೆಮ್ಮಿದವನು ನಾನು. ಆಕೆ ಹಿಡಿಯ ಮೇಲೆ ಬೂಟುಗಾಲಿಟ್ಟು ಒಂದು ಸಲ ಎಳೆದಳು. ರಸ್ತೆಯಾಚೆ ಮಲಗಿದ್ದ ನಾಯಿ ಎದ್ದು ಹೋಯಿತು.

ಮತ್ತೆ ಕ್ಯಾಬಿನ್ನಿಗೆ ಹೋಗಿ ಶೈಲಜಾಳ ಹೊಲಿಗೆಯ ಟೇಪಿನಿಂದ ಅಳೆದು ಬಂದೆವು. ಅಡ್ಡಳತೆ ಇಪ್ಪತ್ತೆರಡು ಇಂಚು. ಅಂಗಡಿಯಾಕೆ ನನ್ನ ಪಟ್ಟಿಯ ಮಧ್ಯದಲ್ಲೆಲ್ಲೋ ಇದ್ದ, ನಾನು ತಿರುಗಿಯೂ ನೋಡದಿದ್ದ ಒಂದನ್ನು ಕೊಟ್ಟಳು. ಜೊತೆಗೆ ಮರವನ್ನು ಉದ್ದಕ್ಕೆ ಸೀಳಲೆಂದೇ ಮಾಡಿದ ಸರಪಳಿ, ಹಲಗೆಯ ದಪ್ಪ ಒಂದೇ ಸಮ ಬರುವಂತೆ ಗರಗಸಕ್ಕೆ ಬಿಗಿಯುವ ಚೌಕಟ್ಟು, ಕಾಲುಕವಚ, ಕಿವಿಮುಚ್ಚಳ. ಹೊರಡುವಾಗ ಹೇಳಿದಳು: “ಹಲಗೆ ಎಷ್ಟು ದಪ್ಪ ಬೇಕೋ ಈಗಲೇ ಯೋಚಿಸಿ. ಓಕ್ ಒಣಗೋದು ಇಂಚಿಗೆ ಒಂದು ವರ್ಷ. ಅವಸರ ಮಾಡಿದರೆ ಸೀಳಿಬಿಡುತ್ತೆ. ಮೇಜಿಗೆ ಎರಡಿಂಚು ಒಳ್ಳೆಯದು.”

ಎರಡಿಂಚು ಅಂದರೆ ಎರಡು ವರ್ಷ. ನನ್ನ ವೀಸಾಕ್ಕೆ ಉಳಿದಿದ್ದದ್ದು ಹದಿನಾಲ್ಕು ತಿಂಗಳು. ಗ್ರೀನ್ ಕಾರ್ಡಿನ ಅರ್ಜಿ ಯಾವುದೋ ಮೇಜಿನ ಮೇಲೆ ಒಣಗುತ್ತಿತ್ತು. ಇಸವಿ ಬದಲಾಯಿಸುವ ಕೆಲಸವಂತೂ ಇಸವಿ ಬದಲಾದ ದಿನವೇ ಮುಗಿಯುವಂಥದ್ದು. ಕಾರಿನಲ್ಲಿ ಶೈಲಜಾ ಬೇಸರಕ್ಕೆ ಗರಗಸದ ಮ್ಯಾನ್ಯುಅಲ್ ಓದುತ್ತ ಕೂತಳು.

ಮುಂದಿನ ವಾರ ಕವಚ ತೊಟ್ಟು, ಹೆಲ್ಮೆಟ್ಟಿನ ಜಾಲರಿ ಮುಖಕ್ಕಿಳಿಸಿ ಕ್ಯಾಬಿನ್ನಿನಿಂದ ಹೊರಬಂದೆ. ಚಹಾದ ಥರ್ಮಾಸ್ ಹಿಡಿದು ಕೂತಿದ್ದ ಶೈಲಜಾ, “ಯಾವ ಪಾತ್ರರಿ ಇದು?” ಅಂದಳು. ನಾನು ದಿಮ್ಮಿಯ ಮೇಲೆ ಹಳಿಯಂತೆ ಏಣಿಯನ್ನು ಉದ್ದಕ್ಕೆ ಮಲಗಿಸಿ ಕಟ್ಟಿ, ಅದರ ಮೇಲೆ ಚೌಕಟ್ಟು ಜಾರಿಸುತ್ತ ಕೊಯ್ಯತೊಡಗಿದೆ. ಮೇಲಿನ ಗುಂಡು ಭಾಗ ಮೊದಲು ಹೋಗಬೇಕು. ಹಲಗೆ ಏಳುವುದು ಆಮೇಲೆ. ನಾಲ್ಕಡಿ ಸಲೀಸಾಗಿ ಸಾಗಿತು. ನಾನು ಹುಟ್ಟಿದ್ದೇ ಇದಕ್ಕೆ ಅನ್ನಿಸುತ್ತಿದ್ದಾಗ ಕೊಯ್ದ ಸೀಳು ಹಿಂದಿನಿಂದ ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯಿತು. ಎಳೆದೆ, ನೂಕಿದೆ, ಬೈದೆ. ಕೊನೆಗೆ ಒದೆಯಲು ಕಾಲೆತ್ತಿದೆ.

“ಬೆಣೀ ಹೊಡೀಬೇಕ್ರಿ!” ಶೈಲಜಾ ಎದ್ದು ಬಂದಳು. “ಕೊಯ್ಕೊಂತ ಹೋಧಂಗ ಹಿಂದ ಬೆಣೀ ಇಡಬೇಕಂತ ಬರದಾರ. ನೀವು ಓದಿಲ್ಲೇನು?”

“ನಾನು ಓದಿದ್ದು ಉಳಿದ ಹದಿನೆಂಟರ ಬಗ್ಗೆ ಕಣೇ,” ಅಂದೆ.

ಅವಳು ಸೌದೆಚೂರುಗಳನ್ನು ಸೀಳಿನೊಳಗೆ ಬಡಿದಳು. ಮರ ಬಾಯಿ ಬಿಟ್ಟಿತು. ಅಲ್ಲಿಂದ ನಾನು ಮುಂದೆ, ಬೆಣೆ ಬಡಿಯುತ್ತ ಅವಳು ಹಿಂದೆ. ಮಧ್ಯಾಹ್ನದ ಹೊತ್ತಿಗೆ ಮೇಲ್ಭಾಗ ಬೇರ್ಪಟ್ಟಿತು. ಇಬ್ಬರೂ ಸೇರಿ ಅದನ್ನು ಮಗುಚಿದಾಗ ಕೆಳಗಿಂದ ಎದ್ದದ್ದು ಉಬ್ಬಿ ಬಂದ ದೋಸೆ ಹಿಟ್ಟಿನ ಹುಳಿ ವಾಸನೆ. ಕೆಂಪು ಓಕ್ ಹಾಗೆ ನಾರುತ್ತದೆಂದು ನನ್ನ ಸ್ಪ್ರೆಡ್‌ಶೀಟಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಇಬ್ಬರೂ ಆ ಒದ್ದೆ ಮೈಮೇಲೆ ಕೈಯಿಟ್ಟು ನಿಂತೆವು.

ಈಗ ಚೌಕಟ್ಟಿನಲ್ಲಿ ಹಲಗೆಯ ದಪ್ಪ ಗೊತ್ತು ಮಾಡಬೇಕಿತ್ತು. ಸ್ಪ್ಯಾನರ್ ಕೈಯಲ್ಲಿತ್ತು. “ಒಂದಿಂಚು ಸಾಕೇನೋ,” ಅಂದೆ, ಮುಖ ನೋಡದೆ. “ಬೇಗ ಒಣಗುತ್ತೆ. ನಾವು ಒಂದು ವೇಳೆ...”

ಶೈಲಜಾ ಕೈಗಂಟಿದ್ದ ಮರದ ಪುಡಿ ಕೊಡವಿಕೊಂಡಳು.

“ಎರಡಿಂಚ ಕೊಯ್ರಿ,” ಅಂದಳು.

ಎರಡಕ್ಕೇ ಬಿಗಿ ಮಾಡಿದೆ.

ಆ ಬೇಸಿಗೆ ಮುಗಿಯುವುದರೊಳಗೆ ಆರು ಹಲಗೆ ಎದ್ದವು. ನಡುವೆ ಕಡ್ಡಿಗಳನ್ನಿಟ್ಟು ಸೂರಿನಡಿ ಪೇರಿಸಿದೆವು. ಇಸವಿ ಬದಲಾಯಿತು, ಏನೂ ಆಗಲಿಲ್ಲ, ನನಗೆ ಬೇರೆ ಕಡೆ ಕೆಲಸ ಸಿಕ್ಕಿತು, ಅದು ಹೋಯಿತು, ಇನ್ನೊಂದು ಸಿಕ್ಕಿತು. ವೀಸಾ ಹೇಗೋ ಮುಂದೆ ತಳ್ಳಿಕೊಂಡು ಬಂತು. ಓಕ್ ಎರಡು ವರ್ಷಕ್ಕೆ ಸರಿಯಾಗಿ ಒಣಗಿತು. ಗ್ರೀನ್ ಕಾರ್ಡ್ ಅದರ ಮೇಲೆ ಇನ್ನೂ ಎರಡು ವರ್ಷ ತೆಗೆದುಕೊಂಡಿತು. ಅದು ಬಹುಶಃ ನಾಲ್ಕಿಂಚಿನದಿರಬೇಕು.

ಮೇಜು ಕ್ಯಾಬಿನ್ನಿನಲ್ಲಿದೆ. ಚೌಕಟ್ಟಿದ್ದೂ ಹಲಗೆ ಒಂದು ಕೊನೆಯಲ್ಲಿ ಎರಡಿಂಚು, ಇನ್ನೊಂದರಲ್ಲಿ ಒಂದೂಮುಕ್ಕಾಲು ಹೇಗಾಯಿತೆಂದು ನನ್ನನ್ನು ಕೇಳಬೇಡಿ. ಬಡಿಸಿದ ಸಾರು ತಟ್ಟೆಯಲ್ಲಿ ಮೆಲ್ಲಗೆ ತಗ್ಗಿನ ಕಡೆಗೆ ಹರಿಯುತ್ತದೆ. ಬಂದ ಅತಿಥಿಗಳನ್ನು ಶೈಲಜಾ ಎತ್ತರದ ಕಡೆ ಕೂರಿಸಿ, ತಾನೂ ಅಲ್ಲೇ ಕೂರುತ್ತಾಳೆ. ತಗ್ಗಿನ ತುದಿಯಲ್ಲಿ, ತಟ್ಟೆಯ ಅಂಚಿನಡಿ ಚಮಚವೊಂದನ್ನು ಬೆಣೆಯಂತೆ ಒತ್ತುಕೊಟ್ಟುಕೊಂಡು, ಮನೆಯ ಯಜಮಾನನ ಗತ್ತಿನಲ್ಲಿ ನಾನು ಕೂರುತ್ತೇನೆ.